ದೀಪ ಹಚ್ಚಿದ ಮೇಲೆ ಕೊಟ್ಟ ಹೆಪ್ಪು

ಮೂಢನಂಬಿಕೆ ಎಂದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಆಳಂದದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು ನಾನು. ಅಂಥವಳು ಇದನ್ನು ಬರೆಯಬೇಕಾಗಿ ಬಂದದ್ದೇ ಒಂದು ಪೀಡೆ. ನೀವು ನಗುತ್ತೀರಿ, ನಗಿ.

ನನ್ನ ಚಿಗವ್ವನ ಮಗಳು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಕ್ಯಾನ್ಸರ್ ಜೀವಕೋಶಗಳಿಗೆ ಬೇಕಾದ ಆಹಾರವನ್ನು ಒಡೆದು ಅವನ್ನು ಉಪವಾಸ ಕೆಡವುವ ಒಂದು ಕಿಣ್ವವಿದೆ. ಬ್ಯಾಕ್ಟೀರಿಯಾದಿಂದ ತೆಗೆದ ಆ ಔಷಧಿ ಅವಳ ಮೈಗೆ ಒಗ್ಗಲಿಲ್ಲ. ಅದನ್ನೇ ಯೀಸ್ಟಿನಲ್ಲಿ ಮಾಡಿಸಿದರೆ ಒಗ್ಗೀತೇನೋ ಎಂದು ನಾನು ಹಟ ಹಿಡಿದೆ. ಯೀಸ್ಟಿಗೆ ಅದರ ಜೀನ್ ಸೇರಿಸಿ, ವರ್ಷಗಟ್ಟಲೆ ಹೆಣಗಾಡಿ, ಕೊನೆಗೂ ಪರೀಕ್ಷೆಯ ಟ್ಯೂಬಿನಲ್ಲಿ ಹಳದಿ ಬಣ್ಣ ಕಂಡೆ. ಹಳದಿ ಬಂದರೆ ಕಿಣ್ವ ಇದೆ ಎಂದರ್ಥ. ಚಿಗವ್ವ ಆ ಟ್ಯೂಬು ಹಿಡಿದುಕೊಂಡು ಅತ್ತಿದ್ದಳು.

ಒಂದು ಸಂಜೆ ಅಫಜಲಪುರದ ಕಾಲೇಜಿನ ರಫೀಕ್ ಸರ್ ನನ್ನ ಲ್ಯಾಬಿಗೆ ಬಂದು, ತಾವೂ ಈ ಕೆಲಸ ಮಾಡುವುದಾಗಿ ಹೇಳಿ ಸ್ವಲ್ಪ ಯೀಸ್ಟ್ ಕೇಳಿದರು. ಆಗಲೇ ಲೈಟು ಹಾಕಿಯಾಗಿತ್ತು. ನನ್ನ ಜೊತೆ ಸಂತೆಗೆ ಹೋಗಲು ಬಂದು ಕೂತಿದ್ದ ಚಿಗವ್ವ ನನ್ನ ಸೆರಗು ಹಿಡಿದು ಎಳೆದಳು.

“ದೀಪ ಹಚ್ಚಿದ ಮ್ಯಾಲ ಹೆಪ್ಪು ಕೊಡಬಾರ್ದವ್ವ. ಮನ್ಯಾಂದು ಅವರ ಹಿಂದ ಹೋಗಿಬಿಡ್ತದ. ಮುಂಜಾನಿ ಬರ್ರಿ ಅನ್ನು.”

“ಇದೇನು ಮಸರೇನ ಬೇ ಚಿಗವ್ವ, ಸುಮ್ಕಿರು!” ಎಂದು ರೇಗಿ ಕೊಟ್ಟುಬಿಟ್ಟೆ.

“ನಮ್ಮ ಅಮ್ಮೀನೂ ಹಿಂಗ ಅಂತಾಳ್ರಿ,” ಎಂದು ರಫೀಕ್ ಸರ್ ನಕ್ಕರು.

ಮರುದಿನದಿಂದ ನನ್ನ ಯೀಸ್ಟ್ ಹಳದಿ ಕೊಡಲಿಲ್ಲ. ಬೆಳೆಯಿತು, ನೊರೆ ಕಟ್ಟಿತು, ಕಿಣ್ವ ಮಾತ್ರ ಇಲ್ಲ. ಮೊದಲೇ ಫ್ರೀಜರಿನಲ್ಲಿ ಇಟ್ಟಿದ್ದ ಯೀಸ್ಟಿನ ಟ್ಯೂಬುಗಳನ್ನು ತೆಗೆದೆ, ಅವೂ ಹಾಗೇ. ನೀರು ಬದಲಿಸಿದೆ, ರಾಸಾಯನಿಕ ಬದಲಿಸಿದೆ, ಕರೆಂಟಿನವರನ್ನು ಬಾಯಿಗೆ ಬಂದಂತೆ ಬೈದೆ. ಕಲಬುರಗಿಯಲ್ಲಿ ಪರೀಕ್ಷೆ ಮಾಡಿದವರು, ಜೀನ್ ಇದ್ದ ಹಾಗೇ ಇದೆ ಎಂದರು. ಅಷ್ಟರಲ್ಲಿ ರಫೀಕ್ ಸರ್ ಫೋನು: “ಅರಿಶಿಣ ಕಲಸಿದಂಗ ಆಗೇದ್ರಿ ಮೇಡಂ!”

ಹಾಡಹಗಲೇ ಚೌಡಾಪುರದ ಮೇಲಿಂದ ಬಸ್ಸು ಹಿಡಿದು ಅಫಜಲಪುರಕ್ಕೆ ಹೋಗಿ ಅದೇ ಯೀಸ್ಟನ್ನು ವಾಪಸು ತಂದೆ. ನನ್ನ ಕೈಯಲ್ಲಿ ಮತ್ತೆ ಬರೀ ನೊರೆ. ಪಾಪ, ಅವರೇ ಬಂದು ನನ್ನದೇ ಲ್ಯಾಬಿನಲ್ಲಿ, ನನ್ನದೇ ನೀರಿನಲ್ಲಿ ಬೆಳೆಸಿದರು. ಹಳದಿ! ಪಕ್ಕದಲ್ಲೇ ನಾನು ಬೆಳೆಸಿದ್ದಕ್ಕೆ ಬಣ್ಣವಿಲ್ಲ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು.

ಇವತ್ತಿಗೂ ನನಗೆ ಕಾರಣ ಗೊತ್ತಿಲ್ಲ. ಹೆಪ್ಪಿನ ಮಾತನ್ನು ನಂಬಲಾರೆ, ಬೇರೆ ಮಾತು ಸಿಗುತ್ತಿಲ್ಲ. ಚಿಗವ್ವ ಒಮ್ಮೆಯಾದರೂ ‘ನಾ ಹೇಳಿದ್ದಿಲ್ಲೇನು’ ಎಂದು ಚುಚ್ಚಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

“ಎಲ್ಲ್ಯಾರ ಇರ್ಲಿ ಬಿಡವ್ವ,” ಎಂದಳು. “ಹೆಪ್ಪು ಜೀವಂತ ಅದಲ್ಲ. ಯಾರರ ಮಗಳಿಗಿ ಆಗ್ತದ.”

ಈಗ ದಿನಾ ಸಂಜೆ ಕೇಳುತ್ತಾಳೆ: “ಅಫಜಲಪುರದಾಗ ಆಗಾಕತ್ತದೇನವ್ವ?” ಹಲ್ಲು ಕಚ್ಚಿಕೊಂಡು ‘ಹ್ಞೂಂ’ ಅನ್ನುತ್ತೇನೆ. ಆಮೇಲೆ ಅವಳು ದೀಪ ಹಚ್ಚುತ್ತಾಳೆ.