ಎಡಗಡೆಯ ಮುಂದಿನ ಚಕ್ರ

ಆ ಹಳೇ ಕಾರನ್ನು ನನಗೆ ಮಾರಿದವರು ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಮಾಲೀಕರು. ಎಂಬತ್ತರ ದಶಕದ ಮೊದಲ ವರ್ಷಗಳು. ಪೀಣ್ಯದ ಎರಡನೇ ಹಂತದಲ್ಲಿ ಅವರದೊಂದು ಚಿಕ್ಕ ಶೆಡ್ಡು. ನೀರೆತ್ತುವ ಪಂಪುಗಳಿಗೆ ಶಾಫ್ಟ್ ಮಾಡಿಕೊಡುತ್ತಿದ್ದೆವು. ಒಂದೊಂದು ಶಾಫ್ಟನ್ನೂ ಮೈಕ್ರೋಮೀಟರಿನಲ್ಲಿ ಅಳೆದು, ಅಳತೆ ತಪ್ಪಿದ್ದಕ್ಕೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ತಳ್ಳುವುದು ನನ್ನ ಕೆಲಸ. ನಾನು ಸರಿ ಎಂದದ್ದನ್ನು ಮಾಲೀಕರು ಮತ್ತೆ ಮುಟ್ಟಿ ನೋಡುತ್ತಿರಲಿಲ್ಲ. "ಆಯಮ್ಮ ಪಾಸ್ ಮಾಡಿದ್ರೆ ಮುಗೀತು" ಎಂದು ಗಿರಾಕಿಗಳಿಗೆ ಹೆಮ್ಮೆಯಿಂದ ಹೇಳುತ್ತಿದ್ದರು. ಅವರು ಹೊಸ ಕಾರು ತೆಗೆದುಕೊಂಡು ಹಳೆಯದನ್ನು ಮಾರುತ್ತೇನೆಂದಾಗ ನಾನು ಹಿಂದುಮುಂದು ನೋಡದೆ ಕೊಂಡದ್ದು ಆ ನಂಬಿಕೆಯ ಮೇಲೆಯೇ.

ನಮ್ಮ ಮನೆಯಲ್ಲಿ ಕಾರು ಓಡಿಸಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಗಂಡ ಹೈಸ್ಕೂಲು ಮೇಷ್ಟ್ರು, ಸೈಕಲ್ ಬಿಟ್ಟರೆ ಬೇರೆ ಗೊತ್ತಿಲ್ಲ. ಭಾನುವಾರ ಇಬ್ಬರು ಹೆಣ್ಣುಮಕ್ಕಳನ್ನು ಹಿಂದೆ ಕೂರಿಸಿಕೊಂಡು ತುಮಕೂರು ರಸ್ತೆಯಲ್ಲಿ ನೆಲಮಂಗಲದ ನನ್ನ ತವರಿಗೆ ಹೋಗಿಬರುತ್ತಿದ್ದೆವು.

ಮೊದಲ ವಾರದಲ್ಲೇ ತೊಂದರೆ ಶುರುವಾಯಿತು. ಗಾಡಿ ನಿಧಾನವಾಗಿ ಹೊರಟಾಗ, ಸೈಕಲ್ಲಿನ ವೇಗಕ್ಕೆ ಬರುವಷ್ಟರಲ್ಲಿ, ಸ್ಟೀರಿಂಗ್ ನನ್ನ ಕೈಯೊಳಗೆ ಎಡಕ್ಕೂ ಬಲಕ್ಕೂ ಹೊಯ್ದಾಡುತ್ತಿತ್ತು. ಮುಂಭಾಗವೆಲ್ಲ ಅದರ ಜೊತೆ ಓಲಾಡುತ್ತಿತ್ತು. ವೇಗ ಹೆಚ್ಚಿದರೆ ಅದು ಮಾಯವಾಗಿ, ಬರಿಯ ಒಂದು ಅದುರು ಉಳಿಯುತ್ತಿತ್ತು. ಮತ್ತೆ ನಿಧಾನಿಸಿದರೆ ಮತ್ತೆ ಅದೇ.

ಗಂಡನನ್ನೂ ಕರೆದುಕೊಂಡು ಯಶವಂತಪುರದ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ಕು ಗಾಡಿ ತೆಗೆದುಕೊಂಡು ಒಂದು ಸುತ್ತು ಹೋಗಿ ಬಂದ. ಖಾಲಿ ರಸ್ತೆ ಸಿಕ್ಕಿದ್ದೇ ಜೋರಾಗಿ ಓಡಿಸಿರಬೇಕು. ಇಳಿದವನು ನನ್ನ ಕಡೆ ನೋಡದೆ ನನ್ನ ಗಂಡನಿಗೆ ಹೇಳಿದ: "ಗಾಡೀಲೇನಿಲ್ಲ ಸಾರ್. ಮೇಡಂಗೆ ಸ್ಟೀರಿಂಗ್ ಗಟ್ಟಿಯಾಗಿ ಹಿಡ್ಕೊಳಕ್ಕೆ ಹೇಳಿ. ಲೇಡೀಸ್ ಕೈ ಅಲ್ವಾ, ನಡುಗುತ್ತೆ."

ನನ್ನ ಗಂಡ ತಲೆಯಾಡಿಸಿದರು. ಆ ತಲೆಯಾಡಿಸಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಮೂರು ಸಲ ಅದೇ ಗ್ಯಾರೇಜಿಗೆ ಹೋದೆ. ಒಮ್ಮೆ ಚಕ್ರಗಳನ್ನು ನೇರ ಮಾಡಿದ್ದೇನೆಂದ, ಒಮ್ಮೆ ಎಣ್ಣೆ ಬಿಟ್ಟ. ಪ್ರತಿಸಲವೂ ಕೊನೆಗೆ ಗಟ್ಟಿಯಾಗಿ ಹಿಡಿಯಬೇಕೆಂಬ ಬುದ್ಧಿವಾದ. ಮಾಲೀಕರಿಗೆ ಹೇಳಿದರೆ ಅವರು ಕ್ಯಾಬಿನ್ನಿನಲ್ಲಿ ನಕ್ಕರು. "ನಾನು ಆರು ವರ್ಷ ಓಡಿಸಿದೀನಿ ಕಣಮ್ಮ. ಬೆಣ್ಣೆ ತರ ಇತ್ತು. ನಿಮಗಿನ್ನೂ ಅಭ್ಯಾಸ ಇಲ್ಲ, ಅಷ್ಟೇ."

ಎಷ್ಟು ಜನ ಹೇಳಿದರೆ ಒಬ್ಬಳು ನಂಬಿಬಿಡುತ್ತಾಳೋ ಗೊತ್ತಿಲ್ಲ. ನನಗೆ ಮೂವರು ಸಾಕಾದರು. ಒಂದು ಬೆಳಿಗ್ಗೆ ಮೈಕ್ರೋಮೀಟರ್ ಹಿಡಿದುಕೊಂಡು ನನ್ನ ಬೆರಳುಗಳನ್ನೇ ನೋಡುತ್ತ ನಿಂತಿದ್ದೆ. ಆಮೇಲೆ ಒಂದೊಂದು ಶಾಫ್ಟನ್ನೂ ಎರಡೆರಡು ಸಲ ಅಳೆಯತೊಡಗಿದೆ. ಹನ್ನೊಂದು ವರ್ಷದ ಅನುಭವವಿದ್ದವಳು, ಅಳೆದದ್ದು ಸರಿಯೋ ಇಲ್ಲವೋ ಎಂದು ಮೇಜಿನ ಮುಂದೆ ಬೆವರಿದೆ. ಉಳಿದದ್ದನ್ನೆಲ್ಲ ಮರೆತೇನು, ಅದನ್ನು ಮಾತ್ರ ನಾನು ಕ್ಷಮಿಸಿಲ್ಲ.

ನಾನು ಎರಡೆರಡು ಸಲ ಅಳೆಯುವುದನ್ನು ಗಮನಿಸಿದವರು ನಮ್ಮ ಫಿಟ್ಟರ್. ಮಾಕಳಿ ಕಡೆಯ ರೈತರ ಮನೆಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಏನಾಯಿತೆಂದು ಕೇಳಿದರು. ಹೇಳಿದೆ.

"ಕೈ ನಡುಗಿದ್ರೆ ಜೋರಾಗೋದಾಗ್ಲೂ ನಡುಗ್‌ಬೇಕಲ್ಲ ಮೇಡಮ್ಮ? ನಿಧಾನಕ್ಕೋದಾಗ ಮಾತ್ರ ಯಾಕ್ ನಡುಗ್ತದೆ? ಊಟದೊತ್ನಲ್ಲಿ ಗಾಡಿ ಎತ್ತಿ ನೋಡಾನ ಬನ್ನಿ."

ಇಷ್ಟು ಸರಳವಾದ ಪ್ರಶ್ನೆ ನನಗೇ ಹೊಳೆದಿರಲಿಲ್ಲ. ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಅಂಗಳದಲ್ಲಿ ಜಾಕ್ ಕೊಟ್ಟು ಮುಂಭಾಗ ಎತ್ತಿ, ಮರದ ದಿಮ್ಮಿಗಳ ಮೇಲೆ ಕೂರಿಸಿದೆವು. ಎಡಗಡೆಯ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಗಟ್ಟಿಯಾಗಿತ್ತು, ಬೇರಿಂಗ್ ಸರಿಯಿದೆ. ಎಡಬಲಕ್ಕೆ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಎಂದಿತು. ಫಿಟ್ಟರ್ ಕೆಳಗೆ ಮಲಗಿ ನೋಡಿ, ಸ್ಟೀರಿಂಗಿನಿಂದ ಚಕ್ರಕ್ಕೆ ಬರುವ ಸರಳಿನ ಕೀಲು ಸವೆದಿದೆ ಎಂದರು. ಆದರೆ ಅದು ಅಲುಗಾಟಕ್ಕೆ ದಾರಿ ಬಿಡುತ್ತದೆ, ತಾನಾಗಿ ಅಲುಗಾಡಿಸುವುದಿಲ್ಲ. ಹೊಯ್ದಾಡಿಸುವುದು ಬೇರೇನೋ ಇರಬೇಕು.

ಒಳಗಿನಿಂದ ಡಯಲ್ ಗೇಜ್ ತಂದೆ. ಶಾಫ್ಟ್ ಸೊಟ್ಟಗಿದೆಯೇ ಎಂದು ನೋಡುವ ಗಡಿಯಾರದಂಥ ಅಳತೆ ಸಾಧನ. ಅದರ ಮೊನೆಯನ್ನು ಚಕ್ರದ ಕಬ್ಬಿಣದ ಅಂಚಿಗೆ ತಾಗಿಸಿ ಚಕ್ರ ತಿರುಗಿಸಿದೆವು. ಮುಳ್ಳು ಹೆಚ್ಚು ಕದಲಲಿಲ್ಲ, ಕಬ್ಬಿಣ ಸೊಟ್ಟಗಿಲ್ಲ. ಆಮೇಲೆ ಒಂದು ಸೀಮೆಸುಣ್ಣವನ್ನು ಟೈರಿನ ಹತ್ತಿರ ಅಲುಗದಂತೆ ಹಿಡಿದು ತಿರುಗಿಸಿದೆ. ಸುತ್ತೆಲ್ಲ ತಾಗದ ಸುಣ್ಣ ಒಂದೇ ಕಡೆ, ಅಂಗೈಯಗಲದಷ್ಟು ಜಾಗಕ್ಕೆ, ಬೆಳ್ಳಗೆ ಬಳಿದುಕೊಂಡಿತು. ಟೈರು ಅಲ್ಲಿ ಉಬ್ಬಿತ್ತು.

ಗಾಡಿ ಇಳಿಸಿ ನಾನು ಮೆಲ್ಲಗೆ ಓಡಿಸಿದೆ. ಫಿಟ್ಟರ್ ಪಕ್ಕದಲ್ಲಿ ಬಿರುಸಾಗಿ ನಡೆದರು. "ಸುಣ್ಣ ನೆಲಕ್ ತಾಗ್ದಾಗ್ಲೆಲ್ಲ ಗಾಡಿ ತಲೆ ಒದರ್ತದೆ ಮೇಡಮ್ಮ!" ಎಂದು ಕೂಗಿದರು. ನಾನು ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡೇ ಅತ್ತೆ. ದುಃಖಕ್ಕಲ್ಲ.

ಸಂಜೆ ರಸ್ತೆಯಂಚಿನ ಪಂಕ್ಚರ್ ಅಂಗಡಿಯಲ್ಲಿ ಟೈರು ಬಿಚ್ಚಿಸಿದೆ. ಸವೆದ ಟೈರಿಗೆ ಮೇಲೊಂದು ಹೊಸ ರಬ್ಬರ್ ಹೊದಿಸಿದ್ದರು. ಒಳಗೆ ನೂಲಿನ ಪದರ ಹರಿದು, ಆ ಹರುಕಿಗೆ ಇನ್ನೊಂದು ಟೈರಿನ ತುಂಡನ್ನು ತೇಪೆ ಹಾಕಿದ್ದರು. ತೇಪೆಯ ಪಕ್ಕದಲ್ಲಿ ಬೆರಳು ತೂರುವಷ್ಟು ಸೀಳಿತ್ತು.

ಅಂಗಡಿಯವನು ಅದನ್ನು ನೋಡಿ ಗುರುತು ಹಿಡಿದ. "ಈ ತೇಪೆ ನಾನೇ ಹಾಕಿದ್ದು ಕಣಕ್ಕಾ! ನಿಮ್ಮ ಫ್ಯಾಕ್ಟರಿ ಸಾಹೇಬ್ರು ತಂದಿದ್ರು. ಮುಂದುಗಡೆ ಹಾಕ್ಬೇಡಿ ಸಾರ್, ಒಡೆದ್ರೆ ಕಷ್ಟ ಅಂದೆ. ಮಾರೋ ಗಾಡಿ, ನಿನಗ್ಯಾಕೆ, ಹಾಕು ಅಂದ್ರು."

ನಾನು ಸ್ವಲ್ಪ ಹೊತ್ತು ಅಲ್ಲೇ ಕಲ್ಲಿನ ಮೇಲೆ ಕುಳಿತೆ. ಲಾರಿಗಳು ಸಾಲುಗಟ್ಟಿ ಓಡುವ ರಸ್ತೆಯಲ್ಲಿ ಆ ಟೈರಿನ ಮೇಲೆ ನನ್ನ ಮಕ್ಕಳನ್ನು ಎಷ್ಟು ಭಾನುವಾರ ಕರೆದೊಯ್ದಿದ್ದೆ ಎಂದು ಲೆಕ್ಕ ಹಾಕಲು ಹೋಗಿ ನಿಲ್ಲಿಸಿದೆ.

ಮರುದಿನ ಆ ಟೈರಿಗೆ, ನಾನು ತಪ್ಪಿದ ಶಾಫ್ಟಿಗೆ ಬಳಿಯುವ ಕೆಂಪು ಬಣ್ಣವನ್ನೇ ಬಳಿದು, ಲೇತ್ ಯಂತ್ರಗಳ ನಡುವೆ ಉರುಳಿಸಿಕೊಂಡು ಹೋಗಿ ಮಾಲೀಕರ ಮೇಜಿನ ಮೇಲೆ ಹಾಕಿದೆ. ಕೆಲಸಗಾರರೆಲ್ಲ ಯಂತ್ರ ನಿಲ್ಲಿಸಿ ನೋಡುತ್ತಿದ್ದರು.

"ನಿಮ್ಮ ಮಕ್ಕಳನ್ನ ಈ ಟೈರಿನ ಮೇಲೆ ಕೂರಿಸ್ತಿದ್ರಾ ಸಾರ್?"

ಅವರ ಮುಖ ಒಂದು ಕ್ಷಣ ಕಪ್ಪಿಟ್ಟಿತು. ಆಮೇಲೆ ಹೇಳಿದರು: "ಸೆಕೆಂಡ್ ಹ್ಯಾಂಡ್ ಅಂದ್ಮೇಲೆ ಇದ್ದಿದ್ದೇ. ನೋಡಿ ತಗೊಂಡ್ರಲ್ಲ? ಅದಿರ್ಲಿ, ಫ್ಯಾಕ್ಟರಿ ಗೇಜನ್ನ ಸ್ವಂತ ಕೆಲಸಕ್ಕೆ ಉಪಯೋಗಿಸಿದ್ರಂತೆ?"

ಮಧ್ಯಾಹ್ನ ನನ್ನ ಕೈಗೆ ಮೆಮೊ ಬಂತು. ಸಂಸ್ಥೆಯ ಉಪಕರಣ ದುರುಪಯೋಗಕ್ಕೆ ವಿವರಣೆ ಕೊಡಬೇಕಂತೆ. ಕೊಟ್ಟೆ. ಊಟದ ಬಿಡುವಿನಲ್ಲಿ ಗೇಜ್ ಬಳಸಿದ್ದು ನಿಜ, ಪರೀಕ್ಷಿಸಿದ್ದು ಮಾಲೀಕರು ಮಾರಿದ ಚಕ್ರವನ್ನು, ಫಲಿತಾಂಶ ಹೀಗಿದೆ ಎಂದು ಶಾಫ್ಟಿಗೆ ಬರೆಯುವ ನಮೂನೆಯಲ್ಲೇ ಬರೆದು, ಕೆಳಗೆ ತಿರಸ್ಕೃತ ಎಂದು ಸಹಿ ಹಾಕಿದೆ. ಅದಕ್ಕೆ ಉತ್ತರ ಬರಲಿಲ್ಲ. ಆರು ತಿಂಗಳಲ್ಲಿ ನಾನು ಪಕ್ಕದ ರಸ್ತೆಯ ಇನ್ನೊಂದು ಕಾರ್ಖಾನೆಗೆ ಸೇರಿದೆ.

ಹೊಸ ಟೈರು, ಹೊಸ ಕೀಲು ಹಾಕಿಸಿದ ಮೊದಲ ಭಾನುವಾರ ನಾವು ಹೊರಟೆವು. ಜಾಲಹಳ್ಳಿ ಕ್ರಾಸಿನಲ್ಲಿ ದನ ಅಡ್ಡ ಬಂದು ನಿಧಾನಿಸಿದೆ. ಸ್ಟೀರಿಂಗ್ ಅಲುಗಲಿಲ್ಲ. ಗಂಡ ಮೆಚ್ಚಿಗೆಯಿಂದ, "ಈಗ ಚೆನ್ನಾಗಿ ಓಡಿಸ್ತೀಯ ಕಣೆ" ಎಂದರು.

ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದೆ. "ಇಳೀರಿ."

"ಏನಾಯ್ತು?"

"ನಾನು ಮೊದಲಿಂದ್ಲೂ ಹೀಗೇ ಓಡಿಸ್ತಿದ್ದೆ. ಇಳೀರಿ."

ಅವರು ಇಳಿದರು. ಮಕ್ಕಳು ಹಿಂದಿನ ಗಾಜಿನಿಂದ ಅಪ್ಪನನ್ನೇ ನೋಡುತ್ತಿದ್ದರು. ಬಸ್ಸು ಹಿಡಿದು ಅವರು ನೆಲಮಂಗಲಕ್ಕೆ ಬಂದದ್ದು ನಮ್ಮೆಲ್ಲರ ಊಟ ಮುಗಿದ ಮೇಲೆ. ನಾಲ್ಕು ದಿನ ನಾವು ಮಾತಾಡಲಿಲ್ಲ. ಐದನೆಯ ದಿನ ಪಾತ್ರೆ ತೊಳೆಯುತ್ತಿದ್ದ ನನ್ನ ಹಿಂದೆ ಬಂದು ನಿಂತು, "ಆ ಮೆಕ್ಯಾನಿಕ್ ಮಾತು ನಾನು ನಂಬಬಾರದಿತ್ತು" ಎಂದರು. ಹೂಂ ಎಂದೆ. ಅಷ್ಟು ಬೇಗ ಇಳಿಯುವ ಸಿಟ್ಟಾಗಿರಲಿಲ್ಲ ಅದು. ಆದರೆ ಅವರೊಬ್ಬರಾದರೂ ಹೇಳಿದರು.