ಗುರುಶಾಂತನ ಗುಹೆಯಾಟ
ಕೊಟ್ಟೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಗುರುಶಾಂತನಿಗೆ ಗಿರಾಕಿಗಳ ಒಡೆದ ಗಾಜಿಗಿಂತ ತನ್ನ ಆಟವೇ ಹೆಚ್ಚು. ಚಿಕ್ಕಂದಿನಲ್ಲಿ ಟಿವಿಗೆ ಜೋಡಿಸುವ ಕಂಪ್ಯೂಟರಿನಲ್ಲಿ ಅಣ್ಣನ ಜೊತೆ ಆಡುತ್ತಿದ್ದ ಗುಹೆಯಾಟವದು. ಆಗ ಆಟಗಳು ಬರುತ್ತಿದ್ದ ಹಳೆಯ ಟೇಪ್ ಕ್ಯಾಸೆಟ್ಟಿನಿಂದ ಎತ್ತಿ ಈಗಿನ ಮೊಬೈಲಿಗೆ ತಂದಿದ್ದಾನೆ, ಕೇಳಿದವರಿಗೆಲ್ಲ ಹಾಕಿಕೊಡುತ್ತಾನೆ. ಸ್ವಲ್ಪ ಬಣ್ಣ ಹಾಕಪ್ಪ ಎಂದರೆ, "ನಿಮ್ಮಜ್ಜನ ಫೋಟೋದಾಗ ಮೀಸಿ ಕಪ್ಪ ಮಾಡ್ತೀರೇನ್ರಿ?" ಎಂದು ರೇಗುತ್ತಾನೆ. ಆಟ ಶುರುವಾಗುವ ಮುಂಚಿನ ಕ್ಯಾಸೆಟ್ಟಿನ ಕಿರಿಚಾಟವನ್ನೂ ಬಿಟ್ಟಿಲ್ಲ. ಅದು ಮುಗಿಯುವ ತನಕ ಅಂಗಡಿಯಲ್ಲಿ ಯಾರೂ ಬಾಯಿ ಬಿಡುವಂತಿಲ್ಲ. ಆಟ ಕೆಟ್ಟಿದೆ ಎಂದು ಹಡಗಲಿಯಿಂದಲೂ ಫೋನು ಬರುತ್ತದೆ: ಮನೆಯಿಂದ ಗುಹೆಗೆ ಹೊರಟ ಚುಕ್ಕಿಗಳ ಮನುಷ್ಯ ಹೊಸ್ತಿಲು ದಾಟಿದವನೇ, ಯಾರೋ ಕರೆದಂತೆ ತಿರುಗಿ, ಒಳಗೆ ಬಂದು ಕೂತುಬಿಡುತ್ತಾನೆ, ಎಲ್ಲಿ ಒತ್ತಿದರೂ ಏಳುವುದಿಲ್ಲ. "ಹೊಂಟವರನ್ನ ಹಿಂದಿಂದ ಕರದ್ರ ಏನ್ ಮಾಡ್ತೀವ್ರಿ? ಕುಂದ್ರಿಸಿ ನೀರ್ ಕೊಡ್ತೀವಿ. ಒಂದ್ ಲೋಟ ನೀರ್ ಇಡ್ರಿ," ಎನ್ನುತ್ತಾನೆ ಇವನು. ನಾನು ನಕ್ಕಿದ್ದೆ. ಮನೆಗೆ ಬಂದು, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಅವನು ಹಾಗೇ ಕೂತಿದ್ದ ನನ್ನ ಮೊಬೈಲಿನ ಮುಂದೆ ನೀರಿಟ್ಟೆ. ಮನುಷ್ಯ ಎದ್ದು ಹೊರಟ. ಮರುದಿನ ಅಂಗಡಿಗೇ ಹೋಗಿ ಕೇಳಿದೆ: "ಈ ತಿರುಗಿ ಬಂದು ಕುಂದ್ರೂದನ್ನ ನೀನ ಹಾಕಿಯೇನಪ್ಪಾ?" ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ಇಲ್ರಿ. ಕ್ಯಾಸೆಟ್ಟಿನಾಗೂ ಇರಲಿಲ್ಲ. ಅಣ್ಣ ಹಲವಾಗಲಿಗೆ ಹೋಗಿ ಹೊಳಿ ಪಾಲಾದ ದಿನ, ಹೊಸ್ತಿಲದಾಗ ಅವ್ವ ಹಿಂದಿಂದ ಕರದಿದ್ಲು. ಅವತ್ತು ತಿರುಗಿ ನೋಡ್ಲಿಲ್ಲ. ಈಗ ಬಂದು ಕುಂದ್ರಾಕತ್ಯಾನ."