ಶರ್ಟ್ ಬಿಚ್ಚಿಸಿದ ಹಾಡು

ಚೆಟ್ಟಳ್ಳಿಯಲ್ಲಿ ನಾವಿರುವ ಎಸ್ಟೇಟಿಗೆ ಆಲ್ಬಂ ಹಾಡಿನವರು ಶೂಟಿಂಗಿಗೆ ಬಂದ ದಿನ ನಾನು ರೇಷ್ಮೆ ಸೀರೆ ಉಟ್ಟಿದ್ದೆ. ನನ್ನನ್ನು ಯಾರು ಕರೆದಿದ್ದರೋ! ನನ್ನ ಗಂಡ ಅಲ್ಲಿ ರೈಟರ್, ಆಳುಗಳ ಹಾಜರಿ ನೋಡಿಕೊಳ್ಳುವವರು. ಹಾಗಾಗಿ ಆಳುಗಳು ಇರುವ ಲೈನ್‌ಮನೆಗಳ ಹೆಂಗಸರಿಗೆಲ್ಲ ನಾನು ರೈಟರಮ್ಮ.

ಕಾಫಿ ಹಣ್ಣು ಕೊಯ್ಯುವ ಕಾಲ. ನಮ್ಮ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟ್ ಹಾಕಿಕೊಂಡು ಕೊಯ್ಯುತ್ತಾರೆ. ಇಲ್ಲದಿದ್ದರೆ ಕೆಂಜಿರುವೆ ಸುಮ್ಮನೆ ಬಿಡುತ್ತದೆಯೇ? ಹಾಡಿನವರು ಕರೆತಂದಿದ್ದ 'ಕಾಫಿ ಕೊಯ್ಯುವ ಹುಡುಗಿ'ಯ ಬೆನ್ನ ಮೇಲೆ ಮಾತ್ರ ಒಂದು ದಾರ ಬಿಟ್ಟರೆ ಏನೂ ಇರಲಿಲ್ಲ. ಚಪಾತಿ ಲಟ್ಟಿಸುತ್ತಾ ಇಂಥ ಹಾಡುಗಳನ್ನು ಎಷ್ಟೋ ನೋಡಿದ್ದೇನೆ. ಅವುಗಳಲ್ಲಿ ಒಂದಾದರೂ ಇರುವೆ ಕಂಡ ನೆನಪಿಲ್ಲ.

ಅವಳ ಹಿಂದೆ ಕೊಯ್ಯುತ್ತಿದ್ದ ನಮ್ಮ ಹೆಂಗಸರನ್ನು ನೋಡಿ ನಿರ್ದೇಶಕ ಮುಖ ಕಿವುಚಿದ. "ಮೇಡಂ, ಆ ಶರ್ಟ್ ತೆಗೆಸಿ. ಹೆಂಗಸರ ಥರಾನೇ ಕಾಣ್ತಿಲ್ಲ."

ಅಲ್ಲೇ ಉಗಿದು ಕಳಿಸಬೇಕಿತ್ತು. ಮೇಡಂ ಅಂದನಲ್ಲ, ಉಬ್ಬಿಹೋದೆ! ಅವರಲ್ಲಿ ಮುಂದಿದ್ದ, ನಾನು ಅಕ್ಕ ಎಂದೇ ಕರೆಯುವ ಹೆಂಗಸಿನ ಹತ್ತಿರ ಹೋದೆ. ನನಗಿಂತ ದೊಡ್ಡವರು, ನನ್ನ ಬಾಣಂತನದಲ್ಲಿ ಮಗುವಿಗೆ ನೀರು ಹಾಕಿದವರು. ಅವರ ಮಗಳು ಪುಟ್ಟವಳಿದ್ದಾಗ ಕುದಿಯುವ ಗಂಜಿಯ ಪಾತ್ರೆ ಎಳೆದಿದ್ದಳು. ಅವಳನ್ನು ತಪ್ಪಿಸಲು ಹೋಗಿ ಅಕ್ಕ ಸೊಂಟ ಸುಟ್ಟುಕೊಂಡಿದ್ದರು. ಅಂಗೈಯಗಲದ ಆ ಕಲೆ ಇನ್ನೂ ಇದೆ.

"ಬ್ಯಾಡ ರೈಟರಮ್ಮ, ನಂಗೆ ನಾಚ್ಕೆ ಆಯ್ತದೆ," ಎಂದರು.

"ಅಯ್ಯೋ, ಐದು ನಿಮಿಷ ಅಷ್ಟೇ ಅಕ್ಕ. ನಿಮ್ಮ ಮುಖ ಊರೆಲ್ಲ ನೋಡತ್ತೆ."

ಅಕ್ಕ ಶರ್ಟ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಅವರನ್ನು ನೋಡಿ ಉಳಿದವರೂ ಬಿಚ್ಚಿದರು.

ಹಾಡು ಫೋನಿಗೆ ಬಂತು. ನಟಿಯ ಸೊಂಟ, ಆಮೇಲೆ ಹಣ್ಣು, ಮತ್ತೆ ಸೊಂಟ. ನಡುವೆ ಬಗ್ಗಿ ನಿಂತ ಅಕ್ಕನ ಸೊಂಟ, ಕಲೆಯ ಸಮೇತ, ನಿಧಾನವಾಗಿ. ಮುಖ ಒಂದು ಕ್ಷಣವೂ ಇಲ್ಲ. ಕೆಳಗೆ ಜನ ಹಾಕಿದ್ದ ಕಾಮೆಂಟುಗಳನ್ನು ಇಲ್ಲಿ ಬರೆಯಲಾರೆ. ಥೂ, ನನ್ನ ಬಾಯಿಗೆ ಮಣ್ಣು ಬೀಳ! ಯಾರದೋ ಮುಂದೆ ದೊಡ್ಡವಳಾಗಲು ಹೋಗಿ ಏನು ಮಾಡಿಬಿಟ್ಟೆ ಎಂದು ನಾಚಿಕೆಯಿಂದ ಹಿಡಿಯಷ್ಟಾದೆ.

ತೋಟದಲ್ಲಿ ಅಕ್ಕ ಎದುರಾದಾಗ, ಕೇಳುವ ಮೊದಲೇ ಸುಳ್ಳು ಹೇಳಿದೆ. "ಹಾಡು ಬಂದಿದೆ ಅಕ್ಕ. ನಿಮ್ಮದು ಕಟ್ ಮಾಡಿಬಿಟ್ಟಿದ್ದಾರೆ."

ಅಕ್ಕ ಕೊಯ್ಯುವುದನ್ನು ನಿಲ್ಲಿಸಲಿಲ್ಲ. "ನನ್ ಮಗಳು ಕಾಲೇಜಲ್ಲಿ ನೋಡಿದ್ಲಂತೆ. ಹುಡುಗ್ರು ನಗಾಡ್ಕಂಡು ನೋಡ್ತಿದ್ರಂತೆ. ಯಾರ ಸೊಂಟ ಅಂತ ಅವರಿಗೇನು ಗೊತ್ತು? ಆ ಕಲೆ ಇವ್ಳಿಗೆ ಗೊತ್ತಾಗಲ್ವಾ? ಅವತ್ತಿಂದ ನನ್ ಜೊತೆ ಮಾತೇ ಬಿಟ್ಟವ್ಳೆ."

ಅಕ್ಕ ಆಗ ಕೈ ನಿಲ್ಲಿಸಿ ನನ್ನತ್ತ ತಿರುಗಿದರು. ಸಿಟ್ಟೂ ಇರಲಿಲ್ಲ ಅವರ ಮುಖದಲ್ಲಿ.

"ಆ ಡೈರೆಕ್ಟ್ರು ಹೇಳಿದ್ರೆ ನಾನು ಬಿಚ್ತಿದ್ನಾ? ನೀವು ಕೇಳಿದ್ರಿ ಅಂತ ಬಿಚ್ಚಿದ್ದು ರೈಟರಮ್ಮ," ಎಂದು, ನನ್ನ ಎದುರಿಗೇ ಶರ್ಟಿನ ಕತ್ತಿನ ಗುಂಡಿಯನ್ನೂ ಹಾಕಿಕೊಂಡರು.